ಮೂರು ಚಕ್ರದ ಬೀಗ

ಏಳು ಕೋಟೆ, ಏಳನೆಯ ಕೋಟೆಗೆ ಏಳು ಬಾಗಿಲು, ಏಳನೆಯ ಬಾಗಿಲಿಗೆ ಏಳು ಬೀಗ, ಅದರಾಚೆ ಕೂತು ಕಣ್ಣೀರಿಡುವ ರಾಜಕುಮಾರಿ. ಅಂಥ ಕತೆಗಳನ್ನೆಲ್ಲ ಅಜ್ಜಿಯರು ಹೇಳಿ ಮುಗಿಸಿಬಿಟ್ಟಿದ್ದಾರೆ. ಇದು ಅದಕ್ಕಿಂತ ಬಡಪಾಯಿ ಕತೆ. ಇದರಲ್ಲಿ ಬೀಗ ಒಂದೇ, ಅದೂ ಹೆಬ್ಬೆರಳಿನಷ್ಟು ದಪ್ಪದ್ದು. ರಾಜಕುಮಾರಿ ಬೀಗದ ಈಚೆಯೇ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕಾವಲಿಗೆ ರಾಕ್ಷಸ ಸಿಗದೆ ಒಬ್ಬ ಗುಮಾಸ್ತರನ್ನು ಇಟ್ಟಿದ್ದರು.

ಒಂದು ಊರಂತೆ. ಊರಿಗೊಂದು ಶಾಲೆಯಂತೆ. ಆ ಶಾಲೆಯಲ್ಲೊಬ್ಬ ಲೆಕ್ಕದ ಮೇಷ್ಟ್ರಂತೆ. ಸಣಕಲು ಮೈ, ಅಂಗೈ ತುಂಬ ಸೀಮೆಸುಣ್ಣ, ಮೂವತ್ತೊಂದು ವರ್ಷ. ಬೆನ್ನ ಹಿಂದೆ ಎಲ್ಲರೂ ಅವರನ್ನು ಗುಣಾಕಾರದ ಮೇಷ್ಟ್ರು ಎನ್ನುತ್ತಿದ್ದರು. ಕಾರಣವಿಲ್ಲದೆ ಇರಲಿಲ್ಲ. ಕಾಫಿಯೋ ಟೀಯೋ, ಸಕ್ಕರೆ ಹಾಕಿಯೋ ಹಾಕದೆಯೋ, ಬಿಸಿಯೋ ಆರಿಸಿಯೋ ಎಂದು ಯಾರಾದರೂ ಕೇಳಿದರೆ, "ಒಟ್ಟು ಎಂಟು ಥರ ಆಯ್ತು" ಎಂದು ಖುಷಿಯಾಗಿ ಹೇಳಿ, ತಮಗೆ ಯಾವುದು ಬೇಕೆಂಬುದನ್ನು ಮಾತ್ರ ಹೇಳದೆ ಕೂತುಬಿಡುತ್ತಿದ್ದರು. ಕೊನೆಗೆ ಏನೂ ಬರುತ್ತಿರಲಿಲ್ಲ.

ಸ್ಟಾಫ್ ರೂಮಿನ ಇನ್ನೊಂದು ತುದಿಯಲ್ಲಿ ಚಿತ್ರಕಲೆಯ ಟೀಚರ್ ಕೂರುತ್ತಿದ್ದರು. ಆಕೆಯ ಬಲಗೈಯ ಕಿರುಬೆರಳಿನ ಪಕ್ಕಕ್ಕೆ ಯಾವಾಗಲೂ ನೀಲಿ ಬಣ್ಣ ಮೆತ್ತಿಕೊಂಡಿರುತ್ತಿತ್ತು. ಆ ನೀಲಿ ಒಂದು ದಿನ ಕಾಣದಿದ್ದರೆ ಮೇಷ್ಟ್ರಿಗೆ ಆ ದಿನ ಭಿನ್ನರಾಶಿ ಬಿಡಿಸಲು ಬರುತ್ತಿರಲಿಲ್ಲ. ಆಕೆಯೊಡನೆ ಮಾತು ಶುರುಮಾಡಲು ಅವರು ಮೂರು ಬಗೆಯ ಮೊದಲ ಮಾತು, ನಾಲ್ಕು ಬಗೆಯ ನಡುವಿನ ಮಾತು, ಎರಡು ಬಗೆಯ ಕೊನೆಯ ಮಾತು ಯೋಚಿಸಿಟ್ಟಿದ್ದರು. ಮೂರು ನಾಲ್ಕಲ ಹನ್ನೆರಡು, ಹನ್ನೆರಡು ಎರಡಲ ಇಪ್ಪತ್ತನಾಲ್ಕು. ಇಪ್ಪತ್ತನಾಲ್ಕು ಚೆಂದದ ಮಾತುಗಳು ನಾಲ್ಕು ವರ್ಷದಿಂದ ಗಂಟಲಲ್ಲಿ ಸಾಲಾಗಿ ನಿಂತಿದ್ದವು. ಬಾಯಿಂದ ಈಚೆ ಬಂದದ್ದು ಮಾತ್ರ, "ಟೀಚರ್, ಡಸ್ಟರ್ ನೋಡಿದ್ರಾ?"

ಅಷ್ಟರಲ್ಲಿ ಟೀಚರಿಗೆ ವರ್ಗವಾಯಿತು. ಶಾಲೆಗೆ ಬಂದ ಮೊದಲ ವಾರವೇ ಆಕೆ ತನ್ನೂರಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದರಂತೆ. ಅರ್ಜಿ ನಾಲ್ಕು ವರ್ಷ ಯಾವ ಯಾವ ಮೇಜಿನ ಮೇಲೋ ನಿದ್ದೆ ಮಾಡಿ, ಈಗ ಆಕಳಿಸುತ್ತಾ ಎದ್ದು ಬಂದಿತ್ತು. ಎಲ್ಲರೂ "ಅದೃಷ್ಟ ಕಣ್ರೀ ನಿಮ್ಮದು" ಅಂದರು. ಆಕೆ ನಕ್ಕರು. ಮೇಷ್ಟ್ರೂ "ಸಂತೋಷ" ಅಂದರು. ಅಂದಮೇಲೆ ಹೋಗಿ ನಲ್ಲಿ ತಿರುಗಿಸಿ ತುಂಬ ಹೊತ್ತು ಮುಖ ತೊಳೆದುಕೊಂಡರು.

ಆ ಶುಕ್ರವಾರ ಕೊನೆಯ ದಿನ. ಶಾಲೆಯ ನಿಯಮವೆಂದರೆ, ಹೋಗುವವರು ತಮ್ಮ ಸುಪರ್ದಿನಲ್ಲಿರುವ ಸಾಮಾನನ್ನು ಒಂದೊಂದಾಗಿ ಎಣಿಸಿ ಇನ್ನೊಬ್ಬರಿಗೆ ಒಪ್ಪಿಸಬೇಕು, ಅವರು ಎಣಿಸಿಕೊಂಡು ಸಹಿ ಹಾಕಬೇಕು. ಆಮೇಲೆಯೇ ಬಿಡುಗಡೆ ಪತ್ರ. ಅದೂ ಅಂದು ನಾಲ್ಕು ಗಂಟೆಯೊಳಗೆ. ತಪ್ಪಿದರೆ ವರ್ಗದ ಆದೇಶವೇ ರದ್ದು. ಹೊಸ ಚಿತ್ರಕಲೆಯವರು ಬರುವವರೆಗೆ ಸಾಮಾನು ಯಾರ ಸುಪರ್ದಿಗೆ? ಮುಖ್ಯೋಪಾಧ್ಯಾಯಿನಿ, ಅಂದರೆ ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಸುತ್ತ ಕಣ್ಣಾಡಿಸಿ ಲೆಕ್ಕದ ಮೇಷ್ಟ್ರನ್ನು ಹಿಡಿದರು.

"ನೀವೇ ತಗೊಳ್ಳಿ ಮೇಷ್ಟ್ರೇ. ಬೋರ್ಡ್ ಮೇಲೆ ವೃತ್ತ ಬರೀತೀರಲ್ಲ, ಅದೂ ಒಂದು ಚಿತ್ರಾನೇ."

ಸಾಮಾನೆಲ್ಲ ಒಂದು ಹಸಿರು ಟ್ರಂಕಿನಲ್ಲಿತ್ತು. ಟ್ರಂಕಿಗೆ ಮೂರು ಚಕ್ರದ ನಂಬರ್ ಬೀಗ. ಹತ್ತೂವರೆಗೆ ಎಲ್ಲರೂ ಚಿತ್ರಕಲೆಯ ಕೋಣೆಯಲ್ಲಿ ಸೇರಿದರು. ಟೀಚರ್ ಬೀಗವನ್ನು ಕೈಗೆತ್ತಿಕೊಂಡರು, ಚಕ್ರಗಳನ್ನು ಒಮ್ಮೆ ಅತ್ತ ಒಮ್ಮೆ ಇತ್ತ ಆಡಿಸಿದರು, ಆಮೇಲೆ ಮೆಲ್ಲಗೆ ಕೆಳಗಿಟ್ಟರು.

"ಮೇಡಂ... ನಂಬರ್ ಮರೆತುಹೋಗಿದೆ."

ಎಲ್ಲರೂ ಬೀಗದ ಮೇಲೆ ಬಗ್ಗಿದರು.

"ಎಲ್ಲೂ ಬರ್ದಿಟ್ಕೊಂಡಿಲ್ವೇನಮ್ಮಾ?" ಗುಮಾಸ್ತರು ಕನ್ನಡಕ ಮೂಗಿನ ತುದಿಗೆ ತಂದರು.

"ಬರ್ದಿಟ್ಟಿದ್ದೆ ಸಾರ್. ಆ ಪುಸ್ತಕ ಟ್ರಂಕಿನ ಒಳಗೇ ಇದೆ."

ಡ್ರಿಲ್ ಮೇಷ್ಟ್ರು ತೋಳು ಮಡಚಿದರು. "ಇದೇನ್ ಮಹಾ! ಒಂದು ಕಲ್ಲು ಕೊಡಿ, ಎರಡೇ ಏಟು."

"ಅಯ್ಯಯ್ಯೋ!" ಗುಮಾಸ್ತರು ಟ್ರಂಕಿಗೆ ಅಡ್ಡ ನಿಂತರು. "ಬೀಗ ಒಡೀಬೇಕಾದ್ರೆ ಮೇಲಿನ ಆಫೀಸಿಂದ ಅಪ್ಪಣೆ ಬೇಕು, ಮೂರು ಪ್ರತಿ. ನಮ್ಮ ಹಿಂದಿನ ಹೆಡ್ಮೇಷ್ಟ್ರು ಗಂಟೆ ಇಡೋ ಬೀರುವಿನ ಬೀಗ ಒಡೆಸಿದ್ದಕ್ಕೆ ವಿಚಾರಣೆ ಆರು ವರ್ಷ ನಡೀತು. ಅವರು ನಿವೃತ್ತಿಯಾದ್ಮೇಲೂ ಕರೀತಿದ್ರು, ಪಾಪ."

ಆಮೇಲೆ ಊಹೆಗಳ ಮಳೆ. ಟೀಚರ್ ಹುಟ್ಟಿದ ತಾರೀಖು, ಅವರ ಅಕ್ಕನ ಮದುವೆಯ ತಾರೀಖು, ಅಕ್ಕನ ಮಕ್ಕಳದ್ದು. ಗುಮಾಸ್ತರು ತಮ್ಮ ಹುಟ್ಟಿದ ದಿನವನ್ನೂ ಹಾಕಿ ನೋಡಿದರು, ಯಾಕೆಂದು ಯಾರಿಗೂ ತಿಳಿಯಲಿಲ್ಲ. ಡ್ರಿಲ್ ಮೇಷ್ಟ್ರು ಸೈಕಲ್ಲಿಗೆ ಬಿಡುವ ಎಣ್ಣೆ ತಂದು ಬೀಗಕ್ಕೆ ಸುರಿದರು. ಬೀಗ ತೆರೆದುಕೊಳ್ಳಲಿಲ್ಲ, ಬದಲಿಗೆ ಹಿಡಿದವರ ಕೈಯಿಂದ ಮೀನಿನಂತೆ ಜಾರತೊಡಗಿತು.

"ಮೂರು ಗಾಲಿ, ಸಾವಿರಾರು ನಂಬರ್ರು. ಜನ್ಮದಲ್ಲಿ ತೆಗೆಯಲ್ಲ ಬಿಡಿ," ಎಂದರು ಗುಮಾಸ್ತರು.

"ಸಾವಿರಾರು ಅಲ್ಲ, ಸಾವಿರ," ಎಂದು ಲೆಕ್ಕದ ಮೇಷ್ಟ್ರ ಬಾಯಿಂದ ಉದುರಿತು. "ಸರಿಯಾಗಿ ಸಾವಿರ. ಒಂದಕ್ಕೆ ಐದು ಸೆಕೆಂಡ್ ಹಿಡಿದ್ರೂ ಒಂದೂವರೆ ಗಂಟೆ ಬೇಡ."

ಎಲ್ಲರೂ ತಿರುಗಿ ನೋಡಿದರು. ಕಿಟಕಿಯ ಪಕ್ಕದಿಂದ ಆಕೆಯೂ ತಿರುಗಿ ನೋಡಿದರು. ನಾಲ್ಕು ವರ್ಷದಲ್ಲಿ ಆಕೆ ಹಾಗೆ ಕಣ್ಣು ಬಿಟ್ಟು ಪೂರ್ತಿ ನೋಡಿದ್ದು ಅದೇ ಮೊದಲು. ಆ ನೋಟಕ್ಕೆ ಮೇಷ್ಟ್ರ ತಲೆಗೆ ಗಾಳಿ ಹೊಕ್ಕಿತು.

"ನಾನು ತೆಗೆದುಕೊಡ್ತೀನಿ," ಎಂದುಬಿಟ್ಟರು. "ನಾಲ್ಕು ಗಂಟೆ ಒಳಗೆ. ಮಾತು ಕೊಟ್ಟೆ."

ಮಾತು ಕೊಟ್ಟು ಮುಗಿದ ಮೇಲೆಯೇ ಅವರಿಗೆ ಹೊಳೆದದ್ದು: ಬೀಗ ತೆಗೆದರೆ ಆಕೆ ಹೊರಟುಹೋಗುತ್ತಾರೆ! ಬೇರೆ ಯಾರೋ ತೋಡಿದ ಗುಂಡಿಯಾದರೆ ಬೈಯಬಹುದಿತ್ತು. ಇದು ತಾವೇ ಅಳತೆ ಹಿಡಿದು ತೋಡಿದ್ದು.

"ಮಧ್ಯಾಹ್ನ ನಿಮಗೆ ಎಂಟನೇ ಕ್ಲಾಸು ಅಲ್ವಾ?" ಎಂದರು ದೊಡ್ಡ ಮೇಡಂ. "ಇಲ್ಲೇ ಕೂರಿಸ್ಕೊಳ್ಳಿ. ಪಾಠಾನೂ ಆಗಲಿ, ಬೀಗಾನೂ ತೆಗೀಲಿ."

ಊಟದ ಗಂಟೆ ಮುಗಿಯುತ್ತಲೇ ನಲವತ್ತು ಮಕ್ಕಳು ಚಿತ್ರಕಲೆಯ ಕೋಣೆಗೆ ನುಗ್ಗಿ ನೆಲದ ಮೇಲೆ ಕೂತರು. ಮೇಷ್ಟ್ರು ಬೀಗವನ್ನು ಎತ್ತಿ ಹಿಡಿದರು.

"ಮೂರು ಚಕ್ರ. ಒಂದೊಂದರಲ್ಲೂ ಸೊನ್ನೆಯಿಂದ ಒಂಬತ್ತು. ಎಷ್ಟು ಥರ ಜೋಡಿಸಬಹುದು?"

"ಮೂವತ್ತು ಸಾರ್!" ಹಿಂದಿನ ಸಾಲು ಒಂದೇ ಉಸಿರಿಗೆ ಕೂಗಿತು.

"ಅದು ಕೂಡಿದ್ದು. ಕೂಡಬಾರದು. ನನ್ನ ಹತ್ರ ಮೂರು ಶರ್ಟು, ಎರಡು ಪ್ಯಾಂಟು ಇದೆ ಅಂದ್ಕೊಳ್ಳಿ. ಒಂದು ಪ್ಯಾಂಟಿಗೆ ಮೂರು ಶರ್ಟೂ ಹಾಕ್ಬಹುದು. ಇನ್ನೊಂದು ಪ್ಯಾಂಟಿಗೂ ಮೂರು. ಎಷ್ಟು ಥರ ಡ್ರೆಸ್ಸಾಯ್ತು?"

"ಆರು." ಇದು ಮುಂದಿನ ಸಾಲಿನ ಎರಡು ಜಡೆಯ ಹುಡುಗಿ. ಯಾರು ಏನು ಹೇಳಿದರೂ ಸಾಕ್ಷಿ ಕೇಳುತ್ತಾಳೆಂದು ಅವಳನ್ನು ಎಲ್ಲರೂ ಕೋರ್ಟು ಎಂದೇ ಕರೆಯುತ್ತಿದ್ದರು. "ಆದ್ರೆ ಸಾರ್, ನಿಮ್ಮ ಮೂರು ಶರ್ಟೂ ಬಿಳಿ. ಆಗ ಎರಡೇ ಥರ ಅಲ್ವಾ?"

ಕಿಟಕಿಯ ಪಕ್ಕ ಸಣ್ಣ ನಗು ಕೇಳಿಸಿತು. ಮೇಷ್ಟ್ರ ಕಿವಿ ಬಿಸಿಯಾಯಿತು. ಟೀಚರ್ ನಕ್ಕದ್ದು ಶರ್ಟು ನೋಡಿಯೇ ಎಂದರೆ, ನಾಲ್ಕು ವರ್ಷದಲ್ಲಿ ಆಕೆ ಶರ್ಟು ನೋಡಿದ್ದಾರೆ ಎಂದಾಯಿತಲ್ಲ!

"ಸರಿ, ಬೀಗಕ್ಕೆ ಬನ್ನಿ," ಎಂದು ಗಂಟಲು ಸರಿಮಾಡಿಕೊಂಡರು. "ಮೊದಲನೇ ಚಕ್ರ ಸೊನ್ನೆ, ಎರಡನೇದೂ ಸೊನ್ನೆ. ಮೂರನೇದು ಎಷ್ಟು ಸಲ ಬದಲಾಗುತ್ತೆ? ಹತ್ತು. ಎರಡನೇದನ್ನ ಒಂದಕ್ಕೆ ತಂದ್ರೆ? ಮೂರನೇದು ಮತ್ತೆ ಹತ್ತು. ಹೀಗೆ ಎರಡನೇದು ಹತ್ತು ಸಲ ಜಾಗ ಬದಲಾಯಿಸೋ ಅಷ್ಟರಲ್ಲಿ ನೂರು. ಅಲ್ಲೀವರೆಗೂ ಮೊದಲನೇದು ಪಾಪ, ನಿಂತಲ್ಲೇ ನಿಂತಿರುತ್ತೆ. ಪಕ್ಕದವರು ಸುತ್ತೋದನ್ನ ನೋಡ್ತಾ. ಅದೂ ಒಂದು ಹೆಜ್ಜೆ ಇಟ್ರೆ ಇನ್ನೊಂದು ನೂರು. ಹತ್ತು ಹೆಜ್ಜೆಗೆ?"

"ಸಾವಿರ!"

"ಸಾವಿರ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ನಮ್ಮ ನಂಬರು ಈ ಸಾವಿರದೊಳಗೆ ಇರಲೇಬೇಕು. ಎಲ್ಲೂ ಓಡಿಹೋಗೋ ಹಾಗಿಲ್ಲ."

ಕೋರ್ಟು ನೋಟ್ ಬುಕ್ಕಿನಲ್ಲಿ ಸಾವಿರ ಮನೆ ಗೀಚಿಕೊಂಡು ಟಿಕ್ ಹಾಕಲು ಕೂತಳು. ಮೇಷ್ಟ್ರು ಸೊನ್ನೆ ಸೊನ್ನೆ ಸೊನ್ನೆಯಿಂದ ಶುರುಮಾಡಿದರು. ತಿರುಗಿಸುವುದು, ಎಳೆಯುವುದು. ತಿರುಗಿಸುವುದು, ಎಳೆಯುವುದು. ಮಕ್ಕಳು ಜೊತೆಯಲ್ಲಿ ಎಣಿಸಿದರು. ಪ್ರತಿ ನೂರಕ್ಕೆ ಡ್ರಿಲ್ ಮೇಷ್ಟ್ರು ಸೀಟಿ ಊದಿದರು. ಮೊದಲ ಸೀಟಿಗೆ ಪಕ್ಕದ ಆರನೇ ಕ್ಲಾಸು ಆಟದ ಪೀರಿಯಡ್ಡೆಂದು ಬಯಲಿಗೆ ಓಡಿತು. ಅವರನ್ನು ಅಟ್ಟಿಕೊಂಡು ಬರುವುದರಲ್ಲಿ ಕಾಲು ಗಂಟೆ ಹೋಯಿತು.

ಟೀಚರ್ ಎದ್ದು ಬಂದು ಟ್ರಂಕಿನ ಪಕ್ಕ ಒಂದು ಲೋಟ ಟೀ ಇಟ್ಟರು. "ನಿಧಾನವಾಗಿ ಮಾಡಿ ಸಾರ್. ಬೆರಳು ನೋಯುತ್ತೆ." ಆಮೇಲೆ ಕುರ್ಚಿಯನ್ನು ಅಲ್ಲೇ ಹತ್ತಿರಕ್ಕೆ ಎಳೆದುಕೊಂಡು ಕೂತರು.

ಇಷ್ಟು ಹತ್ತಿರ ಆಕೆ ಎಂದೂ ಕೂತಿರಲಿಲ್ಲ. ಬಣ್ಣದ, ಸೀಮೆಎಣ್ಣೆಯ, ಹೊಸ ಕಾಗದದ ವಾಸನೆ. ಇದೇ ಬೀಗ, ಇದೇ ನೆಲ, ಇದೇ ಟೀ ಲೋಟ, ಹೀಗೇ ನೂರು ವರ್ಷ ತಿರುಗಿಸುತ್ತಾ ಕೂರಬಹುದಿತ್ತು ಅನ್ನಿಸಿತು. ಚಕ್ರಗಳು ಮೂರರ ಬದಲು ಒಂಬತ್ತಿರಬಾರದಿತ್ತೇ? ಒಂಬತ್ತು ಹತ್ತುಗಳನ್ನು ಒಂದಕ್ಕೊಂದು ಗುಣಿಸಿ, ಅಷ್ಟೂ ಕಾಲ ಆಕೆ ಪಕ್ಕದಲ್ಲಿ ಕೂತಿರುವ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿಕೊಂಡು ಅವರು ಮೂರು, ಆರು, ನಾಲ್ಕಕ್ಕೆ ಬಂದರು.

ಎಳೆದರು. ಬೀಗದ ಕೊಂಡಿ ಕೂದಲೆಳೆಯಷ್ಟು ಮೇಲೆದ್ದಿತು.

ಮಕ್ಕಳು "ಮುನ್ನೂರ ಅರವತ್ನಾಲ್ಕು" ಎಂದು ರಾಗ ಎಳೆಯುತ್ತಿದ್ದರು. ಡ್ರಿಲ್ ಮೇಷ್ಟ್ರು ಸೀಟಿ ಒರೆಸುತ್ತಿದ್ದರು. ಮೇಷ್ಟ್ರ ಹೆಬ್ಬೆರಳು ಅವರನ್ನು ಕೇಳದೆಯೇ ಕೊಂಡಿಯನ್ನು ಕೆಳಗೆ ಒತ್ತಿತು. ಕೊನೆಯ ಚಕ್ರ ಐದಕ್ಕೆ ತಿರುಗಿತು.

"ಮುನ್ನೂರ ಅರವತ್ತೈದು!" ಎಂದು ಮೇಷ್ಟ್ರು ಅಗತ್ಯಕ್ಕಿಂತ ಜೋರಾಗಿ ಕೂಗಿದರು.

ಅಲ್ಲಿಂದ ಮುಂದೆ ಅವರ ಕೈ ಬೀಗ ತಿರುಗಿಸುತ್ತಿತ್ತು, ಮನಸ್ಸು ಹಾಡುತ್ತಿತ್ತು. ನಾಲ್ಕು ಗಂಟೆ ಆದರೆ ಆದೇಶ ರದ್ದು. ಶನಿವಾರ ಬೆಳಿಗ್ಗೆ ಸ್ಟಾಫ್ ರೂಮಿನ ಆ ತುದಿಯಲ್ಲಿ ಮತ್ತೆ ನೀಲಿ ಬಣ್ಣ. ಐನೂರು, ಆರುನೂರು, ಸೀಟಿ, ಏಳುನೂರು. ಟೀಚರ್ ಕೂಡ ಯಾಕೋ ಗೆಲುವಾಗಿದ್ದರು. ಎಂಟುನೂರರ ಹೊತ್ತಿಗೆ ಮಕ್ಕಳ ಜೊತೆ ದನಿ ಸೇರಿಸಿ ತಾವೂ ಎಣಿಸತೊಡಗಿದರು. ಊರು ಸೇರುವ ಆಸೆ ಎಷ್ಟಿದೆ ನೋಡು ಪಾಪ, ಎಂದುಕೊಂಡಾಗ ಮಾತ್ರ ಮೇಷ್ಟ್ರ ಮನಸ್ಸಿನ ಹಾಡು ನಿಂತಿತು.

ಎರಡೂ ಮುಕ್ಕಾಲಿಗೆ ಒಂಬತ್ತು ಒಂಬತ್ತು ಒಂಬತ್ತು ಮುಗಿಯಿತು. ಬೀಗ ಬಾಯಿ ಬಿಡಲಿಲ್ಲ.

"ಸಾರ್," ಕೋರ್ಟು ಎದ್ದು ನಿಂತಳು. "ಸಾವಿರಾನೂ ಟಿಕ್ ಆಯ್ತು. ತೆಗೀಲಿಲ್ಲ. ಅಂದ್ರೆ ಒಂದೋ ಬೀಗ ಸುಳ್ಳು. ಇಲ್ಲ ಗುಣಾಕಾರ ಸುಳ್ಳು. ಇಲ್ಲಾಂದ್ರೆ..."

"ಇಲ್ಲಾಂದ್ರೆ?"

"ತಿರುಗಿಸಿದೋರು ಸುಳ್ಳು, ಸಾರ್."

"ಏಯ್, ಕೂತ್ಕೊಳೇ!" ಎಂದರು ಡ್ರಿಲ್ ಮೇಷ್ಟ್ರು. ಹಿಂದಿನ ಸಾಲು ಗದ್ದಲವೆಬ್ಬಿಸಿತು: "ನಾವು ಮೊದಲೇ ಮೂವತ್ತು ಅಂದಿದ್ವಿ!" ಕೆಲವರು ಆಗಲೇ ರಬ್ಬರ್ ತೆಗೆದು ನೋಟ್ ಬುಕ್ಕಿನ ಸಾವಿರವನ್ನು ಅಳಿಸತೊಡಗಿದ್ದರು.

"ಅದಕ್ಕೇ ನಾನು ಕೂಡೋದು ಕಳೆಯೋದು ಬಿಟ್ಟು ಬೇರೆ ಯಾವ ಲೆಕ್ಕಾನೂ ನಂಬಲ್ಲ," ಎಂದು ಗುಮಾಸ್ತರು ನಶ್ಯದ ಡಬ್ಬಿ ತೆಗೆದರು.

ಗದ್ದಲ ಕೇಳಿ ದೊಡ್ಡ ಮೇಡಂ ಬಂದರು. ಗಡಿಯಾರ ನೋಡಿದರು. "ಆಗಲಿಲ್ವಾ? ಸರಿ, ನಾಲ್ಕಕ್ಕೆ ಆದೇಶ ರದ್ದು ಅಂತ ಬರೆದು ಕಳಿಸೋದೇ. ಆದ್ರೆ ಕೇಳಮ್ಮಾ, ನಿಮ್ಮಕ್ಕನಿಗೆ ಏನ್ ಹೇಳೋದು? ಬೆಳಿಗ್ಗೆ ಆಫೀಸಿಗೆ ಫೋನ್ ಮಾಡಿದ್ರು. ನಿಮಗೇಂತ ಒಂದು ರೂಮು ಸುಣ್ಣ ಬಳಿಸಿದಾರಂತೆ. ಬಸ್ ಸ್ಟ್ಯಾಂಡಿಗೆ ಮಕ್ಕಳನ್ನೂ ಕರ್ಕೊಂಡು ಬರ್ತಾರಂತೆ."

ಟೀಚರ್ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕಿಟಕಿಯ ಹೊರಗೆ ನೋಡಿದರು. ಕಣ್ಣು ತುಂಬಿಕೊಂಡಿತ್ತು.

ಅದನ್ನು ಮೇಷ್ಟ್ರು ನೋಡಿದರು. ಸುಣ್ಣ ಬಳಿದ ಖಾಲಿ ರೂಮು ಕಣ್ಣ ಮುಂದೆ ಬಂತು. ಬಸ್ಸಿನ ಒಂದೊಂದು ಕಿಟಕಿಯಲ್ಲೂ ಚಿಕ್ಕಮ್ಮನನ್ನು ಹುಡುಕುವ ಮಕ್ಕಳು ಬಂದರು. ನಾಲ್ಕು ವರ್ಷ ಕಾದ ಹೆಣ್ಣುಮಗಳ ದಾರಿಗೆ ತನ್ನ ಹೆಬ್ಬೆರಳನ್ನು ಅಡ್ಡ ಇಟ್ಟ ತಾನು ಎಂಥ ಮನುಷ್ಯ! ಆಕೆಯ ಖುಷಿಗಾಗಿ ಏನು ಬೇಕಾದರೂ ಮಾಡಿಯೇನು ಎಂದು ನಾಲ್ಕು ವರ್ಷ ಮನಸ್ಸಿನಲ್ಲೇ ಹೇಳಿಕೊಂಡದ್ದು ಇದನ್ನೇ ಏನು? ನೆಲ ಬಿರಿದು ನುಂಗಬಾರದೇ ಅನ್ನಿಸಿತು. ನೆಲದ ಮೇಲೆ ನಲವತ್ತು ಮಕ್ಕಳು ಕೂತಿದ್ದರಿಂದ ಅದಕ್ಕೂ ಜಾಗವಿರಲಿಲ್ಲ.

"ಗುಣಾಕಾರ ಸುಳ್ಳಲ್ಲ," ಎಂದರು ಮೇಷ್ಟ್ರು. "ಯಾರೂ ಸಾವಿರ ಅಳಿಸಬೇಡಿ. ಕೋರ್ಟು ಹೇಳಿದ್ದು ಸರಿ. ತಿರುಗಿಸಿದವನದ್ದೇ ತಪ್ಪು. ನಡುವೆ ಒಂದು ಕಡೆ... ನಾನು ಸರಿಯಾಗಿ ಎಳೀಲಿಲ್ಲ."

"ಬಿಡಿ ಸಾರ್," ಎಂದರು ಟೀಚರ್ ಥಟ್ಟನೆ.

"ಇಲ್ಲ ಟೀಚರ್, ಇನ್ನೂ ಟೈಮಿದೆ."

"ಪರವಾಗಿಲ್ಲ ಬಿಡಿ ಸಾರ್, ನಿಮಗೆ ಸುಸ್ತಾಗಿದೆ."

"ಸುಸ್ತೆಲ್ಲ ಏನಿಲ್ಲ."

"ಸಾರ್, ಬಿಡಿ ಅಂದ್ನಲ್ಲ!"

ಎಂಥ ದೊಡ್ಡ ಮನಸ್ಸು, ತನ್ನ ಬೆರಳು ನೋಯುತ್ತದೆಂದು ಊರನ್ನೇ ಬಿಡುತ್ತಿದ್ದಾರಲ್ಲ ಎಂದು ಮೇಷ್ಟ್ರ ಕಣ್ಣೂ ಮಂಜಾಯಿತು. ಒಂದೇ ಸಲಕ್ಕೆ ಆ ನಂಬರಿಗೆ ಹೋದರೆ ಕೋರ್ಟು ಸಾಕ್ಷಿ ಕೇಳುತ್ತಾಳೆಂಬ ಹೆದರಿಕೆಯಿಂದ ಮುನ್ನೂರ ಐವತ್ತರಿಂದ ಶುರುಮಾಡಿದರು. ಎಣ್ಣೆ ಬೀಗ, ಬೆವರು ಕೈ. ಮುನ್ನೂರ ಅರವತ್ತೊಂದಕ್ಕೆ ಬೀಗ ಕೈಯಿಂದ ಜಾರಿ ಚಕ್ರಗಳೆಲ್ಲ ಸುತ್ತಿಹೋದವು. ಮತ್ತೆ ಐವತ್ತರಿಂದ. ಮಕ್ಕಳು ಉಸಿರು ಬಿಗಿಹಿಡಿದು ಎಣಿಸಿದರು. ಅರವತ್ತೆರಡು. ಅರವತ್ಮೂರು. ಅರವತ್ನಾಲ್ಕು.

ಟಕ್!

ಕೋಣೆ ಹಾರಿಹೋಗುವಂತೆ ಚಪ್ಪಾಳೆ. ಡ್ರಿಲ್ ಮೇಷ್ಟ್ರು ಉಸಿರಿರುವವರೆಗೂ ಸೀಟಿ ಊದಿದರು. ಪಕ್ಕದ ಆರನೇ ಕ್ಲಾಸು ಮತ್ತೆ ಬಯಲಿಗೆ ಓಡಿತು. ಹಿಂದಿನ ಸಾಲು ಪಕ್ಕದವರ ಪೆನ್ನು ಕಸಿದುಕೊಂಡು ಅಳಿಸಿದ ಸಾವಿರವನ್ನು ಮತ್ತೆ ಬರೆಯಿತು.

"ಶಹಭಾಷ್ ಮೇಷ್ಟ್ರೇ!" ಎಂದರು ದೊಡ್ಡ ಮೇಡಂ. "ಬೇಗ ಬೇಗ ಎಣಿಸ್ಕೊಳ್ಳಿ, ಬಸ್ಸಿಗೆ ಹೊತ್ತಾಯ್ತು. ಡ್ರಿಲ್ ಮೇಷ್ಟ್ರೇ, ಇವರ ಸೂಟ್‌ಕೇಸ್ ಗೇಟಿನ ಹತ್ರ ಇಡಿ. ಮಕ್ಕಳೇ, ಎಲ್ಲರೂ ಹೊರಗೆ!"

ಗುಮಾಸ್ತರು ಬಾಗಿಲಲ್ಲಿ ನಿಂತು ಪಟ್ಟಿ ಓದತೊಡಗಿದರು. ಟೀಚರೂ ಮೇಷ್ಟ್ರೂ ಟ್ರಂಕಿನ ಎರಡು ಬದಿಗೆ ಮೊಣಕಾಲೂರಿ ಕೂತರು.

"ಬ್ರಷ್ಷು, ಮೂವತ್ತಾರು!"

"ನಾನು ನಂಬರ್ ಮರ್ತೇ ಇರಲಿಲ್ಲ," ಎಂದರು ಟೀಚರ್ ಮೆಲ್ಲಗೆ, ಬ್ರಷ್ಷು ಎಣಿಸಿಕೊಡುತ್ತಾ.

ಮೇಷ್ಟ್ರ ಕೈ ನಿಂತಿತು. "ಏನಂದ್ರಿ?"

"ಮೂರು ಆರು ನಾಲ್ಕು. ಅದನ್ನ ಇಟ್ಟಿದ್ದೇ ನಾನು. ಪುಸ್ತಕದಲ್ಲಿ ಬರೆದಿದ್ದು ಗಿಡದ ಚಿತ್ರ ಮಾತ್ರ."

"ಬಣ್ಣದ ಡಬ್ಬಿ, ಹದಿನೆಂಟು!"

"ಮತ್ತೆ... ಅರ್ಜಿ? ನಿಮ್ಮೂರು?"

"ಅರ್ಜಿ ಹಾಕಿದಾಗ ಇಲ್ಲಿ ನನಗೆ ಯಾರೂ ಗೊತ್ತಿರಲಿಲ್ಲ ಸಾರ್. ವಾಪಸ್ ತಗೊಳ್ಳೋಣಾಂದ್ರೆ ಮನೇಲಿ ಹೇಳೋಕೆ ಒಂದು ಕಾರಣ ಬೇಕಲ್ಲ. ಯಾರಾದ್ರೂ ಕೊಡ್ತಾರೇನೋ ಅಂತ ನೋಡ್ದೆ." ಆಕೆ ಬಣ್ಣದ ಡಬ್ಬಿಗಳನ್ನು ಎರಡೆರಡಾಗಿ ಜೋಡಿಸಿದರು. "ಕೊನೆಗೆ ಬೀಗವಾದ್ರೂ ಉಳಿಸ್ಲಿ ಅಂದ್ಕೊಂಡೆ. ಮೊದಲನೇ ಸಲ ಕೊಂಡಿ ಎದ್ದದ್ದು ನಾನು ನೋಡ್ದೆ ಸಾರ್. ನೀವು ಒತ್ತಿ ಮುಂದೆ ಹೋದ್ರಿ. ಎಷ್ಟು ಸಂತೋಷ ಆಯ್ತು ಗೊತ್ತಾ? ಇವರಿಗೂ ಅರ್ಥವಾಗಿದೆ, ಇವರಿಗೂ ಹಾಗೇ ಇದೆ ಅಂತ. ಆಮೇಲೆ ನೀವೇ ಹಟ ಹಿಡಿದು ಮತ್ತೆ ಅಲ್ಲಿಗೇ ಬಂದ್ರಿ. ನಾನು ಮೂರು ಸಲ ಬೇಡ ಅಂದೆ." ಆಕೆ ನಗಲು ನೋಡಿದರು, ಆಗಲಿಲ್ಲ. "ಆಗ ತಿಳೀತು, ನಾನು ಹೋಗೋದೇ ನಿಮಗೂ ಇಷ್ಟ ಅಂತ."

"ಮಣ್ಣಿನ ಮಾವಿನಹಣ್ಣು, ಎರಡು! ಮಣ್ಣಿನ ಗಿಳಿ, ಒಂದು, ಕೊಕ್ಕು ಮುರಿದದ್ದು!"

ಮೇಷ್ಟ್ರು ಬಾಯಿ ತೆರೆದರು. ಇಲ್ಲ ಎನ್ನಬೇಕಿತ್ತು. ಹೋಗಬೇಡಿ ಎನ್ನಬೇಕಿತ್ತು. ಹೊರಗೆ ಡ್ರಿಲ್ ಮೇಷ್ಟ್ರು "ಬಸ್ ಬಂತು, ಬಸ್ ಬಂತು" ಎಂದು ಕೂಗುತ್ತಿದ್ದರು. ದೊಡ್ಡ ಮೇಡಂ ಬಿಡುಗಡೆ ಪತ್ರಕ್ಕೆ ಸೀಲು ಒತ್ತಿ, ಒಣಗಲೆಂದು ಗಾಳಿಯಲ್ಲಿ ಬೀಸುತ್ತಾ ಒಳಗೆ ಬಂದರು. ಗುಮಾಸ್ತರು ಪಟ್ಟಿಯನ್ನು ಮೇಷ್ಟ್ರ ಮೂಗಿನ ಕೆಳಗೆ ಹಿಡಿದು ಪೆನ್ನಿನ ಮುಚ್ಚಳ ತೆಗೆದುಕೊಟ್ಟರು.

"ಸಹಿ."

"ಟೀಚರ್..." ಎಂದರು ಮೇಷ್ಟ್ರು.

"ಹೇಳಿ ಸಾರ್." ಆಕೆ ಎದ್ದವರು ಹಾಗೇ ನಿಂತರು. ಕಿರುಬೆರಳಿನ ಪಕ್ಕದ ನೀಲಿ, ಕೂತಿದ್ದ ಮೇಷ್ಟ್ರ ಕಣ್ಣಿನ ಮಟ್ಟಕ್ಕೇ ಇತ್ತು.

"ಇಲ್ಲಿ... ತಾರೀಖೂ ಹಾಕ್ಬೇಕಾ?"

ಆಕೆ ಒಂದು ಕ್ಷಣ ಅವರನ್ನೇ ನೋಡಿದರು. "ಹಾಕಿ ಸಾರ್. ಇವತ್ತಿಂದೇ," ಎಂದರು. ಮೇಷ್ಟ್ರು ಸಹಿ ಮಾಡಿ ತಾರೀಖು ಹಾಕಿದರು. ಆಕೆ ಪತ್ರ ತೆಗೆದುಕೊಂಡು, ಎಲ್ಲರಿಗೂ ಕೈಮುಗಿದು, ಬಯಲು ದಾಟಿ ಗೇಟಿನತ್ತ ನಡೆದರು. ಆರನೇ ಕ್ಲಾಸಿನ ಮಕ್ಕಳು ಆಟ ನಿಲ್ಲಿಸಿ ದಾರಿ ಬಿಟ್ಟರು. ಬಸ್ಸು ಎರಡು ಸಲ ಹಾರನ್ ಹೊಡೆಯಿತು.

"ಮೇಷ್ಟ್ರೇ, ಸಹಿಯ ಮೇಲೆ ಬರೀರಿ," ಎಂದರು ಗುಮಾಸ್ತರು. "ನಾಲ್ಕಕ್ಕೆ ಇನ್ನೂ ಐದು ನಿಮಿಷ ಇದೆ. ಅಂತೂ ಕೊಟ್ಟ ಮಾತು ಉಳಿಸ್ಕೊಂಡ್ರಿ."

ಲೆಕ್ಕದ ಮೇಷ್ಟ್ರು ಟ್ರಂಕಿನ ಮೇಲೆಯೇ ಪಟ್ಟಿಯನ್ನಿಟ್ಟುಕೊಂಡು, ಬೋರ್ಡಿನ ಮೇಲೆ ಬರೆಯುವಷ್ಟೇ ದುಂಡಾದ ಅಕ್ಷರದಲ್ಲಿ, ನಿಯಮದಂತೆ ಬರೆಯಬೇಕಾದ ಎರಡು ಸಾಲುಗಳನ್ನು ಬರೆದರು:

'ಎಲ್ಲವನ್ನೂ ಖುದ್ದಾಗಿ ಎಣಿಸಿ ವಹಿಸಿಕೊಂಡಿರುತ್ತೇನೆ. ಏನೂ ಕಳೆದುಹೋಗಿರುವುದಿಲ್ಲ.'